ಕೊಬ್ಬರಿ ಎಣ್ಣೆಗೆ ಬಗ್ಗದ ಅಂಟು

ಹಲಸಿನ ಮೇಣ ಕೈಗೆ ಮೆತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ. ಹಾಗಾಗಿ ಮೊದಲ ಸಲ ಅಂಟಂಟಾದ ಹಳೇ ಲ್ಯಾಪ್‌ಟಾಪ್ ಒಂದು ನನ್ನ ಅಂಗಡಿಗೆ ಬಂದಾಗ ನಾನು ಎರಡನೇ ಯೋಚನೆ ಮಾಡದೆ ಎಣ್ಣೆ ಬಾಟಲಿ ತೆಗೆದೆ. ಉಜ್ಜಿದೆ. ಅಂಟು ಹೋಗಲಿಲ್ಲ, ಅಂಟಿನ ಜೊತೆ ಜಿಡ್ಡೂ ಸೇರಿತು. ಪೌಡರ್ ಉದುರಿಸಿದೆ. ಈಗ ಅದು ಹಿಟ್ಟಿನಲ್ಲಿ ಹೊರಳಿಸಿ ಬಾಣಲೆಗೆ ಬಿಡಲು ಸಿದ್ಧವಾದ ಮೀನಿನಂತೆ ಕಂಡಿತು.

ನಾನು ಸಕಲೇಶಪುರದಲ್ಲಿ ಜೀಪುಗಳಿಗೆ ಬಣ್ಣ ಹೊಡೆಯುವವನು; ಅಂಟು ಬಿಡಿಸುವುದೂ ಬಣ್ಣದವನಿಗೆ ಗೊತ್ತಿರುತ್ತದೆಂದು ಯಾರೋ ಅದನ್ನು ತಂದಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಅಕ್ಷರ ಈ ಬೆಟ್ಟಗಳ ಎಷ್ಟೋ ನಂಬರ್ ಪ್ಲೇಟಿನ ಮೇಲೆ ಮಾರನಹಳ್ಳಿ ದಾಟಿ ಘಾಟಿ ಇಳಿದು ಹೋಗಿದೆ. ನನ್ನ ಜೊತೆ ಓದಿ ಪಾಸಾದವರ ಅಕ್ಷರ ಅವರ ನೋಟ್‌ಬುಕ್ಕಿನಲ್ಲೇ ಉಳಿದಿದೆ.

ಬಣ್ಣದವನಾದ್ದರಿಂದ ಕೊನೆಗೆ ನನಗೇ ಹೊಳೆಯಿತು. ಅದು ಹೊರಗಿನಿಂದ ಬಂದ ಕೊಳೆಯಲ್ಲ. ಕೈಗೆ ಮೆತ್ತಗೆ ಸಿಗಲೆಂದು ಕಂಪನಿಯವರೇ ಹೊಡೆದ ರಬ್ಬರಿನಂಥ ಲೇಪ. ನಮ್ಮ ತೇವದ ಹವೆಯಲ್ಲಿ ವರ್ಷಗಟ್ಟಲೆ ಕೂತು ಆ ಚರ್ಮವೇ ಕರಗತೊಡಗುತ್ತದೆ. ತೊಳೆದರೆ ಸಾಲದು, ಸುಲಿಯಬೇಕು. ಮೆಡಿಕಲ್ ಶಾಪಿನ ಸ್ಪಿರಿಟ್, ಹಳೇ ಬನಿಯನ್ ಬಟ್ಟೆ, ತಾಳ್ಮೆ, ಇಷ್ಟು ಸಾಕು. ಕಾಡಿಗೆಯಂತೆ ಕಪ್ಪು ಕಿತ್ತು ಬರುತ್ತದೆ, ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕು ಏನೂ ಆಗದವರ ಹಾಗೆ ಕೂತಿರುತ್ತದೆ. ಈ ವಿದ್ಯೆ ಕೈಗೆ ಹತ್ತಿದ ಮೇಲೆ ನನ್ನ ತಲೆ ಸ್ವಲ್ಪ ಮೇಲೆಯೇ ನಿಂತಿತು. ಯಾರನ್ನೂ ಕೇಳದೆ ಕಲಿತೆನಲ್ಲ!

ಆ ಹೊತ್ತಿನಲ್ಲೇ ಹೊಂಗಡಹಳ್ಳದ ಗಿರಿಜಕ್ಕ ಬಂದದ್ದು. ಮೂರು ಎಕರೆ ಕಾಫಿ ಮಾಡಿಕೊಂಡು, ಊರವರಿಗೆ ಅರ್ಜಿ ಟೈಪ್ ಮಾಡಿಕೊಡುವ ಹೆಂಗಸು. ಅವರ ಲ್ಯಾಪ್‌ಟಾಪನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಮುಚ್ಚಳದ ಮೇಲೆ ಯಾರದೋ ಶ್ರದ್ಧಾಂಜಲಿ ತಿರುಗುಮುರುಗಾಗಿ ಅಚ್ಚೊತ್ತಿತ್ತು.

"ಮುಟ್ಟುದ್ರೆ ಕೈಯೇ ಬುಡಲ್ಲ ಕಣೋ ಚಂದ್ರು. ಆನೆ ನಮ್ಮೂರ್ ಗದ್ದೆನೆಲ್ಲ ತುಳ್ದಾಕ್‌ಬುಟ್ಟೈತೆ. ಸೋಮವಾರ ಪರಿಹಾರದ್ ಅರ್ಜಿ ಕೊಡ್ಲೇಬೇಕು."

"ಭಾನುವಾರ ಹೊಸದರ ಹಂಗೆ ತಂದ್ಕೊಡ್ತೀನಿ, ಹೋಗಕ್ಕ," ಎಂದೆ.

ಮುಚ್ಚಳ ಚೆನ್ನಾಗಿ ಬಂತು. ಕೈ ಊರುವ ಜಾಗ ಇನ್ನೂ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಕೀಲಿಗಳ ಮೇಲಿದ್ದ ಬಿಳಿ ಚುಕ್ಕೆಗಳನ್ನೂ ಕೊಳೆಯೆಂದು ಒರೆಸಿ ಎಸೆದೆ. ಬಟ್ಟೆಗೆ ಒಂದೆರಡು ಹಾಗೇ ಅಚ್ಚಾಗಿ ಬಂದದ್ದು ನೋಡಿದ ಮೇಲೆ ಅರ್ಥವಾಯಿತು. ಅವು ಗಿರಿಜಕ್ಕ ವೈಟ್ನರಿನಲ್ಲಿ ಕಡ್ಡಿ ಅದ್ದಿ ಬರೆದುಕೊಂಡಿದ್ದ ಕನ್ನಡ ಅಕ್ಷರಗಳು. ಕಂಪನಿಯ ಇಂಗ್ಲಿಷ್ ಜಗ್ಗಿರಲಿಲ್ಲ. ಅಕ್ಕನ ಕನ್ನಡ ಪೂರ್ತಿ ನನ್ನ ಬನಿಯನ್ನಿಗೆ ಬಂದಿತ್ತು.

ಬರೆಯುವುದು ನನಗೆ ದೊಡ್ಡದಲ್ಲ. ಯಾವ ಕೀಲಿಯ ಮೇಲೆ ಯಾವ ಅಕ್ಷರ? ಅದು ಗೊತ್ತಿರಲಿಲ್ಲ. ಮೊದಲೇ ಅಳಿಸಿಹೋಗಿತ್ತು ಎಂದುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಇಲ್ಲಿ ಬರೆಯಲೂ ಇಷ್ಟವಿರಲಿಲ್ಲ, ಬರೆದಿದ್ದೇನೆ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು, ಬಿಳಿ ಪೇಂಟಿನ ಡಬ್ಬಿ, ನಂಬರ್ ಪ್ಲೇಟಿನ ಸಣ್ಣ ಬ್ರಷ್ಷು ಸ್ಕೂಟರಿಗೆ ಹಾಕಿಕೊಂಡು ಹೋದೆ. ಅಕ್ಕ ಜಗಲಿಯಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಒರ್ಸಕ್ಕೆ ಮುಂಚೆ ಒಂದ್ ಮಾತು ಕೇಳ್ಬಾರ್ದಿತ್ತೇನೋ?"

"ಕೇಳ್ಬೇಕಿತ್ತಕ್ಕ." ಈ ಒಂದು ಮಾತು ಒಪ್ಪಿಕೊಳ್ಳುವುದಕ್ಕಿಂತ ಜೀಪಿನ ಬಾನೆಟ್ ಕಿತ್ತು ಒಬ್ಬನೇ ಎತ್ತುವುದು ಸುಲಭ.

ಯಾವ ಅಕ್ಷರ ಎಲ್ಲಿ ಎಂದರೆ ಅವರಿಗೂ ಹೇಳಲಾಗಲಿಲ್ಲ. ಕನ್ನಡ ಹೋದ ಕೀಲಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಬೇಸರದಿಂದ ಮುಖ ತಿರುಗಿಸಿ ಗದ್ದೆಯ ಕಡೆ ನೋಡುತ್ತಾ, ಅರ್ಜಿ ಶುರು ಮಾಡುವ ಅಭ್ಯಾಸದಲ್ಲಿ ಕೈ ಆಡಿಸಿದರು. ಪರದೆಯ ಮೇಲೆ 'ಮಾನ್ಯರೇ' ಎಂದು ಬಂತು. ಒಂದು ತಪ್ಪೂ ಇಲ್ಲ.

"ಅಯ್ಯೋ ಮಾರಾಯ, ನಂಗೆ ಗೊತ್ತಿಲ್ಲ, ಬೆರಳಿಗ್ ಗೊತ್ತೈತೆ!"

ಅವರು ಗದ್ದೆ ನೋಡುತ್ತಾ ಟೈಪ್ ಮಾಡಿದರು, ನಾನು ಅವರ ಬೆರಳು ನೋಡುತ್ತಾ ಒಂದೊಂದೇ ಅಕ್ಷರ ಚೀಟಿಯಲ್ಲಿ ಗುರುತು ಹಾಕಿಕೊಂಡೆ. ನನ್ನ ಚೀಟಿ ಮುಗಿಯುವಷ್ಟರಲ್ಲಿ ಆನೆಯ ಅರ್ಜಿಯೂ ಮುಗಿದಿತ್ತು.

"ಇನ್ನ್ ಅಕ್ಷರ ಯಾಕಕ್ಕ?" ಎಂದೆ.

"ನಾಳೆ ಬೆರಳು ಮರ್ತ್ರೆ? ಬರಿ ಸುಮ್ನೆ."

ಬರೆದೆ. ಯಾವ ಜೀಪಿಗೂ ಅಷ್ಟು ಚಂದ ಬರೆದಿರಲಿಲ್ಲ. ನಾಳೆ ಬೆಳಗಾಗುವವರೆಗೂ ಮುಟ್ಟಬೇಡಿ ಎಂದು ಬ್ರಷ್ ಒರೆಸಲು ತಿರುಗುವಷ್ಟರಲ್ಲಿ, ಅರ್ಜಿಯಲ್ಲಿ ಬಿಟ್ಟುಹೋದ ಒಂದು ಹೆಸರು ಅಕ್ಕನಿಗೆ ನೆನಪಾಗಿತ್ತು.

"ಮತ್ತೆ ಅಂಟ್ತೈತಲ್ಲೋ ಚಂದ್ರು!" ಹತ್ತೂ ಬೆರಳು ಎತ್ತಿ ಹಿಡಿದು ನಗುತ್ತಿದ್ದರು. ತುದಿಯೆಲ್ಲ ಬಿಳಿ.

ಕೆಟ್ಟ ಅಕ್ಷರಗಳನ್ನು ತಿದ್ದಲು ಕೂತೆ. ಅಕ್ಕ ಒಳಗೆ ಹೋಗಿ ಮೊಣಕೈಯಲ್ಲಿ ಅವಚಿಕೊಂಡು ಕೊಬ್ಬರಿ ಎಣ್ಣೆ ಬಾಟಲಿ ತಂದು, "ಹಾಕೋ," ಎಂದರು.

ಬಿರಡೆ ಬಿಚ್ಚಿದೆ. ಆದರೂ ಕೇಳಿದೆ:

"ಕೈಗೆ ತಾನೆ, ಅಕ್ಕ?"