ಒಂದು ತೂತು, ಅಷ್ಟೇ ಅಲ್ವಾ?

ನನಗೆ ಸಿಟ್ಟು ಬರುವುದು ಬಸ್ಸು ತಪ್ಪಿದಾಗ ಅಲ್ಲ, ಮೇಲಧಿಕಾರಿ ಬೈದಾಗಲೂ ಅಲ್ಲ. ತಗಡಿನಲ್ಲಿ ದೊಡ್ಡದೊಂದು ತೂತು ಕೊರೆಯಬೇಕಾಗಿದೆ ಎಂದು ನಾನು ಹೇಳಿದಾಗ ಎದುರಿನವರು "ಒಂದು ತೂತು, ಅಷ್ಟೇ ಅಲ್ವಾ?" ಎನ್ನುತ್ತಾರಲ್ಲ, ಆಗ. ಹಾಗೆಂದವರ ಕೈಗೆ ಒಂದು ಅಲ್ಯೂಮಿನಿಯಂ ತಗಡು ಕೊಟ್ಟು ಕೋಣೆಯೊಳಗೆ ಕೂಡಿಹಾಕಬೇಕು. ತೂತು ದುಂಡಗೆ ಬಂದ ಮೇಲೆಯೇ ಊಟ.

ಸಣ್ಣ ತೂತಿನ ಮೇಲೆ ನನಗೆ ದೂರಿಲ್ಲ. ಡ್ರಿಲ್ ಇಟ್ಟು ಒತ್ತಿದರೆ ಮುಗಿಯಿತು. ಅಂಗೈಯಗಲದ್ದು ಬೇರೆಯೇ ಜಾತಿ. ಪೆನ್ಸಿಲಿನಲ್ಲಿ ವೃತ್ತ ಎಳೆದು, ಅದರ ಮೇಲೆ ಸಾಲಾಗಿ ಸಣ್ಣ ತೂತುಗಳನ್ನು ಹೊಡೆದು, ನಡುವಿನ ತುಂಡನ್ನು ಉಳಿಯಿಂದ ಬಡಿದು ಕೆಡವಿ, ಅಂಚಿಗೆ ಅರ ಹಾಕಬೇಕು. ಎಡಗಡೆ ಸರಿಯಾಯಿತು ಎನ್ನುವಾಗ ಬಲಗಡೆ ಡೊಂಕು. ಬಲಗಡೆ ತಿದ್ದಿದರೆ ಎಡಗಡೆಗೆ ಮುನಿಸು. ಕೊನೆಗೆ ಕೈಯಲ್ಲಿ ಉಳಿಯುವುದು ಇಲಿ ಕಡಿದ ಹಪ್ಪಳ. ನಮ್ಮ ದೇಹ ಒಂಬತ್ತು ಬಾಗಿಲಿನ ಊರು ಎಂದರು ಹಿರಿಯರು. ಒಂಬತ್ತರ ಅಂಚೂ ಎಷ್ಟು ನಯ! ಬ್ರಹ್ಮ ಹತ್ಯಾರು ಕೊಂಡದ್ದು ಯಾವ ಅಂಗಡಿಯಲ್ಲೋ, ಅದನ್ನು ಮಾತ್ರ ಯಾವ ಋಷಿಯೂ ಬಾಯಿಬಿಡಲಿಲ್ಲ.

ನಾನು ಮಲಯಾಳ ನಾಡಿನ ರಾಜಧಾನಿಯಲ್ಲಿ, ಪಟ್ಟಂ ಎಂಬ ಬಡಾವಣೆಯ ಒಂದು ಸರಕಾರಿ ಕಚೇರಿಯಲ್ಲಿದ್ದೆ. ಮೊಬೈಲು ನಮ್ಮಂಥವರ ಕಿಸೆಗೆ ಆಗಷ್ಟೇ ಇಳಿದ ಕಾಲ ಅದು. ಅದೇ ಊರಿನ ಶ್ರೀಕಾರ್ಯದಲ್ಲಿದ್ದ ನಮ್ಮ ಮನೆಗೆ ಕಾಸರಗೋಡಿನಿಂದ ಮಾವನವರು ಚಿಕಿತ್ಸೆಗೆಂದು ಬಂದಿದ್ದರು. ಅವರು ತಾಳಮದ್ದಳೆಯ ಅರ್ಥಧಾರಿ. ಬಣ್ಣವಿಲ್ಲದೆ, ವೇಷವಿಲ್ಲದೆ, ಕುಳಿತಲ್ಲಿಂದಲೇ ಮಾತಿನಲ್ಲಿ ಯುದ್ಧ ಮಾಡುವ ಜನ. ಸಿಟ್ಟಿನ ಪಾತ್ರವೆಂದರೆ ಮಾವನವರೇ ಆಗಬೇಕಿತ್ತು. ಇಲ್ಲಿನ ಡಾಕ್ಟರು ಅವರ ಗಂಟಲಿನ ಗಡ್ಡೆ ತೆಗೆದರು. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಒಂದು ತೂತು ಮಾಡಿ, ವಾಸಿಯಾದ ಮೇಲೆ ಮುಚ್ಚಿದರು. ಜೀವ ಉಳಿಯಿತು. ಸ್ವರ ಪಿಸುಮಾತಿಗೆ ಇಳಿಯಿತು.

ಅದೇ ಹೊತ್ತಿಗೆ ನಮ್ಮ ಕನ್ನಡ ಸಂಘದವರು ತಂಪಾನೂರಿನ ಸಭಾಂಗಣದಲ್ಲಿ ತಾಳಮದ್ದಳೆ ಇಟ್ಟುಕೊಂಡರು. "ನನ್ನದು ಮುಗೀತು" ಎಂದು ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಸಂಘದ ಬಾಡಿಗೆಯ ಮೈಕ್‌ಸೆಟ್ಟಿನಲ್ಲಿ ಪಿಸುಮಾತು ಕೇಳುವಷ್ಟು ಸ್ವರ ಏರಿಸಿದರೆ ಅದೇ ಕಿರುಚತೊಡಗುತ್ತಿತ್ತು. ನಿಮಗಾಗಿ ನಾನೇ ಒಂದು ಆಂಪ್ಲಿಫಯರ್ ಮಾಡುತ್ತೇನೆ ಎಂದೆ. ಮಾವ ಈ ಕಡೆ ತಿರುಗಿದರು. ಈ ಸಲ ಮಾತು ಸಭೆಗೆ ಕೇಳಿಸದಿದ್ದರೆ ಅವರು ಇನ್ನೆಂದೂ ಕುಳಿತುಕೊಳ್ಳುವವರಲ್ಲ ಎಂದು ನನಗೆ ಗೊತ್ತಿತ್ತು.

ಒಳಗಿನ ಕೆಲಸ ಸಲೀಸಾಗಿ ಮುಗಿಯಿತು. ಉಳಿದದ್ದು ಮುಂಭಾಗದ ತಗಡು. ಅಲ್ಲಿ ಸ್ವರದ ಏರಿಳಿತಕ್ಕೆ ಮುಳ್ಳು ಕುಣಿಯುವ ಒಂದು ದುಂಡು ಮೀಟರ್ ಕೂರಬೇಕು. ಎರಡು ತಗಡು ಹಪ್ಪಳವಾದ ಮೇಲೆ, ಕಚೇರಿಯ ಕೆಲಸಕ್ಕೆಂದು ಕೊಚ್ಚಿಗೆ ಹೋದವನು ಅಲ್ಲೊಂದು ಸರ್ಕಲ್ ಕಟರ್ ಕೊಂಡೆ. ಕೈವಾರದ ಹಾಗೆ ಬೇಕಾದಷ್ಟು ಅಗಲಿಸಿ ಡ್ರಿಲ್ಲಿಗೆ ಸಿಕ್ಕಿಸುವ ಸಾಧನ. "ಕುಳಪ್ಪಮಿಲ್ಲ ಸಾರೇ, ಒರು ತುಳ ಅಲ್ಲೇ!" ಎಂದ ಅಂಗಡಿಯವ. ತೊಂದರೆಯೇನಿಲ್ಲ, ಒಂದು ತೂತಲ್ಲವೇ ಎಂದು. ಮಲಯಾಳದಲ್ಲಿಯೂ ಅದೇ ಮಾತು! ರೈಲಿನುದ್ದಕ್ಕೂ ಹಲ್ಲು ಕಡಿದುಕೊಂಡು ಬಂದೆ.

ಮನೆಯಲ್ಲಿ ಕಟರ್ ತಗಡನ್ನು ಕಚ್ಚಿತು. ತಗಡು ಗಿರ್ರನೆ ತಿರುಗಿ ನನ್ನ ಮೊಣಕೈ ಕೆತ್ತಿತು. ನಾನು ಮೂರು ಭಾಷೆಯಲ್ಲಿ ಬೈದೆ. ಕೊರೆಯುವಲ್ಲಿಗೆ ಬಿಡಲು ತೆಂಗಿನೆಣ್ಣೆ ಕೇಳಿದರೆ ಹೆಂಡತಿ ಶಾರದೆ ಕುಪ್ಪಿ ಹಿಡಿದುಕೊಂಡು ಬಂದು, "ಮೊದ್ಲು ನಿಮ್ಮ ತಲೆಗೆ ಹಾಕಿಕೊಳ್ಳಿ ಮಾರಾಯ್ರೇ, ತಗಡಿಗೆ ಆಮೇಲೆ ಸಾಕು" ಎಂದಳು. ಕುರ್ಚಿಯಲ್ಲಿದ್ದ ಮಾವನವರ ಪಿಸುಮಾತು ಕೇಳಿಸಿತು: "ನನ್ನ ಗಂಟಲಿಗೆ ತೂತು ಹಾಕಿದ ಡಾಕ್ಟ್ರು ಹೀಗೆ ಬೈತಾ ಇದ್ದಿದ್ರೆ ನಾನು ಮೇಜಿಂದ ಎದ್ದು ಓಡ್ತಿದ್ದೆ."

ನಾಚಿಕೆಯಾಯಿತು, ಸಿಟ್ಟು ಇಳಿಯಲಿಲ್ಲ. ತಗಡನ್ನು ಎರಡು ಹಲಗೆಗಳ ನಡುವೆ ಬಿಗಿದೆ. ಎಣ್ಣೆ ಬಿಟ್ಟು ನಿಧಾನವಾಗಿ ಒತ್ತಿದೆ. ಬೆಳ್ಳಿಯ ಸುರುಳಿ ಎದ್ದಿತು, ಬಿಲ್ಲೆ ಕೆಳಗೆ ಬಿತ್ತು. ಆಹಾ! ಅಂಚಿನ ಮೇಲೆ ಬೆರಳಾಡಿಸಿದರೆ ಒಂದು ಗೀರಿಲ್ಲ. ಇಬ್ಬರನ್ನೂ ಹತ್ತಿರ ಕರೆದು, ಗೃಹಪ್ರವೇಶದ ಗತ್ತಿನಲ್ಲಿ ಮೀಟರನ್ನು ತೂತಿಗೆ ಇಟ್ಟೆ. ಅದು ತೂತಿನೊಳಗಿಂದಲೇ ನುಸುಳಿ ಆಚೆಗೆ ಠಣ್ಣೆಂದು ಬಿತ್ತು. ಮೀಟರಿನ ಮುಖ ಅಗಲ, ಹಿಂದಿನ ಕುತ್ತಿಗೆ ಸಣ್ಣ. ಕುತ್ತಿಗೆಯಷ್ಟೇ ಕೊರೆದರೆ ಮುಖ ಅಂಚಿಗೆ ಕೂತು ನಿಲ್ಲುತ್ತದೆ. ನಾನು ಅಳೆದದ್ದು ಮುಖವನ್ನು. ಎಲ್ಲರ ಮನೆಯ ದೋಸೆಯೂ ತೂತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಾವಲಿಯೇ ತೂತು.

ಇನ್ನೊಂದು ತಗಡು ತರಲು ಸಮಯವಿರಲಿಲ್ಲ, ತಂದರೆ ನಾನು ಅದನ್ನು ತಿಂದೇ ಬಿಡುತ್ತಿದ್ದೆ. ಶಾರದೆ ಚಹಾ ಸೋಸುವ ಜಾಲರಿಯ ಹಿಡಿ ಮುರಿದು ತೂತಿಗೆ ಒತ್ತಿದಳು. ಅಳೆದು ಮಾಡಿದ ಹಾಗೆ ಕೂತಿತು. ಭಾನುವಾರ ಸಂಘದ ಅಧ್ಯಕ್ಷರು ಜಾಲರಿ ಕಂಡು ಅದೇ ಮೈಕೆಂದು ಭಾವಿಸಿ, ಪೆಟ್ಟಿಗೆಯ ಮುಂದೆ ಬಗ್ಗಿ ಅರ್ಧ ಸ್ವಾಗತ ಭಾಷಣ ಮಾಡಿದರು.

ಆಮೇಲೆ ಮಾವನವರು ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡರು. ಹಿಂದೆ ಅವರ ಗರ್ಜನೆಗೆ ಮಕ್ಕಳು ಅಳುತ್ತಿದ್ದವು. ಈಗ ಗರ್ಜನೆ ಇಲ್ಲ. ಒಂದೊಂದೇ ಮಾತು, ಮೆಲ್ಲಗೆ, ಹಲ್ಲಿನ ಸಂದಿಯಿಂದ ಬಂತು. ಸಭೆಯ ಕೊನೆಯ ಸಾಲಿನವರೂ ಕೆಮ್ಮು ನುಂಗಿದರು. ಶಾರದೆ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

ಮುಗಿದ ಮೇಲೆ, ಮೀಟರಿನ ಕಥೆಯನ್ನು ಶಾರದೆಯಿಂದ ಕೇಳಿದ್ದ ಕಾರ್ಯದರ್ಶಿ ಶೆಟ್ಟರು ವೇದಿಕೆಗೆ ಬಂದು ಪೆಟ್ಟಿಗೆ ತಟ್ಟಿದರು. "ಮುಂದಿನ ಸಲ ಆ ಮೀಟರನ್ನೂ ಕೂರಿಸಿಬಿಡಿ. ಒಂದು ತೂತು, ಅಷ್ಟೇ ಅಲ್ವಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು ಶಾಲು ಸರಿಸಿ ಕುತ್ತಿಗೆಯ ಕಲೆಯ ಮೇಲೆ ಬೆರಳಿಟ್ಟರು.

"ಶೆಟ್ರೇ, ತೂತಿಗೆ ಅಷ್ಟೇ ಅಂತ ಹೇಳ್ಬೇಡಿ."

ಮೈಕನ್ನು ಯಾರೂ ಆರಿಸಿರಲಿಲ್ಲ. ಬಾಗಿಲಿನವರೆಗೆ ಹೋಗಿದ್ದವರೂ ತಿರುಗಿ ನಿಂತರು. ಒಂಬತ್ತರಲ್ಲಿ ಒಂದಾದ ನನ್ನ ಬಾಯಿಯನ್ನು ನಾನು ಮೆಲ್ಲಗೆ ಮುಚ್ಚಿಕೊಂಡೆ.