ಬಾನೆಟ್ಟಿನೊಳಗಿನ ವಿಭೂತಿ

ಪುಟ್ಟಾ, ಚಿನ್ನೀ, ಎದುರಿಗೆ ಕೂತು ಹೇಳಲು ನನಗೆ ಇವತ್ತಿಗೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಜ್ಜನ ಬಾಡಿಗೆ ಕಾರಿನ ಫೋಟೋ ನೋಡಿದ್ದೀರಲ್ಲ, ಆ ಕಾರು ಒಮ್ಮೆ ಹೊರಡದೆ ನಿಂತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ನ್ಯಾಮತಿಯಲ್ಲಿದ್ದೆವು. ಆಯುಧಪೂಜೆಯ ಬೆಳಿಗ್ಗೆ ಅಜ್ಜ ಹಿತ್ತಿಲಲ್ಲಿ ಬಾನೆಟ್ ಎತ್ತಿ ಇಂಜಿನ್ ತೊಳೆಯಲು ನಿಂತರು. ಅತ್ತೆಯ ಎದುರು ಗಂಡನನ್ನು ಮಾತಾಡಿಸುವ ರೂಢಿ ನಮ್ಮಲ್ಲಿರಲಿಲ್ಲ. ಅತ್ತೆ ಒಳಗಿದ್ದರಿಂದ ನಾನು ಬಟ್ಟೆಚೂರು ಕೊಡುತ್ತ ಒಂದೆರಡು ಮಾತಾಡಿದೆ.

ಅಜ್ಜ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಜಿಡ್ಡು ಬಿಡಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದು ಮತ್ತೆ ಕೂಡಿಸಿದರು. ಬ್ಯಾಟರಿಯ ತುದಿಗೆ ಕಟ್ಟಿದ್ದ ಬಿಳಿ ಪುಡಿಗೆ ನಾನು ಅಡಿಗೆ ಸೋಡಾದ ನೀರು ಹಾಕಿದೆ. ಬುಸ್ಸೆಂದು ನೊರೆ ಬಂತು. ಇಂಜಿನ್ನಿಗೆ ನೀರು ಹೊಯ್ಯುವ ಮೊದಲು ಅವರು ಪಕ್ಕದ ಒಂದು ಕಪ್ಪು ಗುಂಡು ಮುಚ್ಚಳಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರು.

"ಪ್ಲಗ್ಗಿಗೆಲ್ಲ ಕರೆಂಟ್ ಹಂಚೋದು ಇದೇ. ಇದಕ್ಕೆ ಮಾತ್ರ ಒಂದು ಹನಿ ತಾಗಬಾರ್ದು."

"ನೆಗಡಿ ಆಗ್ತೈತಾ?"

"ನಿನ್ನಂಗೆ. ಸುಮ್ನೆ ಮುನಿಸ್ಕೊಂಡು ಕೂತ್ಬಿಡ್ತೈತೆ."

ಎಲ್ಲ ಒರೆಸಿ, ರಬ್ಬರ್ ಪೈಪುಗಳನ್ನು ಮಿರುಗಿಸಿ, ಚೀಲ ಬಿಚ್ಚಿ ಅವರು ಸ್ನಾನಕ್ಕೆ ಹೋದರು. ಅತ್ತೆ ಪೂಜೆಯ ತಟ್ಟೆ ಹಿಡಿದು ಹಿತ್ತಿಲಿಗೆ ಬಂದರು. ನಾನು ಒಳಗೆ ಹೆರಿಗೆಗೆ ಬಂದಿದ್ದ ನಾದಿನಿಯ ಹತ್ತಿರ ಹೋದೆ. ಅವಳಿಗೆ ನೋವು ಶುರುವಾಗಿತ್ತು. ಕರೆಸಿದ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣಗೆ ಮಾಡಿದಳು.

"ಕೂಸು ಅಡ್ಡ ಐತೆ. ಇದು ನನ್ನ ಕೈಲಾಗಲ್ಲ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ರಿ. ತಡ ಮಾಡಿದ್ರೆ ತಾಯಿನೂ ಉಳಿಯಲ್ಲ."

ನಾದಿನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಇಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಅಜ್ಜ ಇಳಿದು ಹ್ಯಾಂಡಲ್ ಹಾಕಿ ತಿರುವಿದರು. ಆಗಲೂ ಇಲ್ಲ.

"ಬೆಳಿಗ್ಗೆ ಕಾರ್ಬೊರೇಟರ್ ಬಿಚ್ಚಿದ್ನಲ್ಲ, ಅಲ್ಲೇ ಏನೋ ಕೆಡಿಸೀನಿ," ಎನ್ನುತ್ತ ಮತ್ತೆ ಅದನ್ನೇ ಬಿಚ್ಚತೊಡಗಿದರು. ಅವಸರದಲ್ಲಿ ಸ್ಕ್ರೂ ಒಂದು ಕೆಳಗೆ ಬಿತ್ತು. ಬೇಲಿಯಾಚೆಯಿಂದ ಪಕ್ಕದ ಮನೆಯವರು, "ಹಬ್ಬಕ್ಕೆ ಗಾಡಿನೂ ರಜಾ ತಗಂತೇನ್ರಿ?" ಎಂದರು. ಕಾರಿನೊಳಗೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

ಸ್ಕ್ರೂ ಹುಡುಕಲು ಬಗ್ಗಿದ ನನಗೆ ಆ ಮುಚ್ಚಳ ಕಂಡಿತು. ಬಿಲ್ವಪತ್ರೆ, ಚೆಂಡುಹೂವು, ಅವುಗಳ ಕೆಳಗೆ ಮೂರು ಬೆರಳಿನ ವಿಭೂತಿ, ಇನ್ನೂ ಹಸಿ. ತಂತಿಗಳು ಇಳಿಯುವ ತೂತುಗಳ ಸುತ್ತ ಬಿಳಿ ನೀರು ನಿಂತಿತ್ತು. ಅದನ್ನು ಒರೆಸಿ ಎನ್ನುವುದೆಂದರೆ ಅತ್ತೆ ಮಾಡಿದ ಪೂಜೆಯನ್ನು ಅಳಿಸಿ ಎಂದಂತೆ. ಸೊಸೆಯಾದವಳು, ಅದೂ ಅವರ ಮುಂದೆಯೇ ಗಂಡನಿಗೆ ಹೇಳಬೇಕು.

"ಅತ್ತಿಗೀ," ಎಂದು ನಾದಿನಿ ನರಳಿದಳು.

"ಅತ್ತೆ, ಅವರಿಗೆ ಸ್ವಲ್ಪ ಹೇಳ್ರಿ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಅಜ್ಜನ ಕಡೆಗೇ ತಿರುಗಿದೆ. "ರೀ, ಆ ಮುಚ್ಚಳ ಹಸಿ ಐತೆ."

ಅವರ ಕೈ ಪತ್ರೆಯವರೆಗೆ ಹೋಗಿ ನಿಂತಿತು. ತಾಯಿಯ ಮುಖ ನೋಡಿದರು.

"ನೀರು ತಾಗಬಾರ್ದೇನೋ ಅದಕ್ಕೆ?" ಎಂದರು ಅತ್ತೆ.

"ಹೂಂ ಅವ್ವಾ."

"ಹೆಂಡ್ತಿಗೆ ಹೇಳಿ ನನಗ್ಯಾಕೆ ಹೇಳ್ಲಿಲ್ಲ? ಲಿಂಗದಂಗೆ ಕಾಣ್ತು, ಹಚ್ಚಿದೆ."

ಅವರೇ ಪತ್ರೆ ತೆಗೆದು ಕಣ್ಣಿಗೊತ್ತಿಕೊಂಡು, ವಿಭೂತಿಯನ್ನು ಸೆರಗಿನಿಂದ ಒರೆಸಿದರು. "ಶಿವಪ್ಪಾ, ಸಿಟ್ಟಾಗಬ್ಯಾಡ. ನನ್ನ ಮಗಳು ವಾಪಸ್ ಬರ್ಲಿ, ಮತ್ತೆ ಹಚ್ತೀನಿ."

ಅಜ್ಜ ಮುಚ್ಚಳ ಬಿಚ್ಚಿದರು. ಒಳಗೂ ಹನಿಗಳಿದ್ದವು. ನಾನು ಓಡಿಹೋಗಿ ಬಟ್ಟೆಯನ್ನು ರೊಟ್ಟಿ ಹಂಚಿನ ಮೇಲೆ ಬಿಸಿ ಮಾಡಿ ತಂದೆ. ಒರೆಸಿ, ಬಿದ್ದ ಸ್ಕ್ರೂ ಹುಡುಕಿ, ಎಲ್ಲ ಕೂಡಿಸಿ ಕೀಲಿ ತಿರುವಿದಾಗ ಇಂಜಿನ್ ಎರಡು ಸಲ ಕೆಮ್ಮಿ ಹತ್ತಿತು. ಅತ್ತೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಾರು ಹೋದ ಮೇಲೆ ನಾನು ಸಂಜೆಯವರೆಗೂ ಹೊಸ್ತಿಲಲ್ಲೇ ಇದ್ದೆ.

ಆಪರೇಷನ್ ಮಾಡಿ ತೆಗೆದ ಆ ಕೂಸೇ, ಈಗ ಬಂದಾಗಲೆಲ್ಲ ನಿಮಗೆ ಕೊಬ್ಬರಿ ಮಿಠಾಯಿ ತರುವವಳು.

ಮುಂದಿನ ಆಯುಧಪೂಜೆಯಲ್ಲಿ ಅತ್ತೆ ಒಣ ವಿಭೂತಿ ಹಿಡಿದು ಬಾನೆಟ್ ಮುಂದೆ ನಿಂತು ನನ್ನನ್ನು ಕರೆದರು. "ಬಾರವ್ವ, ಎಲ್ಲಿ ಹಚ್ಲಿ ಹೇಳು." ನಾನು ರೇಡಿಯೇಟರ್ ತೋರಿಸಿದೆ. ಅಜ್ಜ ಅಲ್ಲೇ ಇದ್ದರು. ನಾನು ಬಾಯಿಬಿಟ್ಟೇ ಹೇಳಿದೆ.

ಇದನ್ನು ಶಾಯಿ ಪೆನ್ನಿನಲ್ಲಿ ಬರೆದಿದ್ದೇನೆ ಮಕ್ಕಳೇ, ಹನಿ ಬಿದ್ದರೆ ಅಕ್ಷರ ಉಳಿಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಳ್ಳಿ.