ಹದಿನೆಂಟು ಉತ್ತರಗಳು

ಕುವೈತಿನಲ್ಲಿ ನಮ್ಮವರು ಮನೆ ಹುಡುಕುವುದು ಮನೆ ನೋಡಿ ಅಲ್ಲ, ಶಾಲೆಯ ಬಸ್ಸು ನೋಡಿ. ಬಸ್ಸು ಯಾವ ಬಿಲ್ಡಿಂಗಿನ ಮುಂದೆ ನಿಲ್ಲುತ್ತದೋ ಆ ಬಿಲ್ಡಿಂಗಿನಲ್ಲಿ ಫ್ಲ್ಯಾಟು. ಲಿಫ್ಟು ಕೆಲಸ ಮಾಡುತ್ತದೋ, ಅಡುಗೆಮನೆಯಲ್ಲಿ ಜಿರಲೆ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಬ್ಬಾಸಿಯಾದಲ್ಲಿ ಶಾಲೆಯ ಹತ್ತಿರವೇ ಮನೆ ಮಾಡಿದ್ದೆವು. ಮಗಳಿಗೆ ಆರು ತಿಂಗಳು ತುಂಬುವ ಮೊದಲೇ ಅವಳು ಯಾವ ಶಾಲೆಗೆ ಹೋಗುತ್ತಾಳೆ ಎಂದು ನನ್ನ ಗಂಡ ನಿಶ್ಚಯಿಸಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಆ ಜಾತಿ ನಮ್ಮದು. ಬಾಲ್ಕನಿಯಿಂದ ಬಗ್ಗಿದರೆ ಶಾಲೆಯ ಗೇಟು ಕಾಣುತ್ತಿತ್ತು. ಅವರು ಮಗುವನ್ನು ಎತ್ತಿಕೊಂಡು, "ಅಲ್ಲಿ ನೋಡು, ನಿನ್ನ ಸ್ಕೂಲು" ಎಂದು ತೋರಿಸುತ್ತಿದ್ದರು. ಮಗು ಗೇಟನ್ನೂ ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನೂ ನೋಡುತ್ತಿರಲಿಲ್ಲ. ಬಾಲ್ಕನಿಯ ಕಂಬಿಗಳ ಮೇಲೆ ಒಂದೊಂದಾಗಿ ಬೆರಳು ಆಡಿಸುತ್ತಿದ್ದಳು. ನಾನು ಅದನ್ನು ಗಮನಿಸಿದ್ದೆ, ಗಮನಿಸಿಯೂ ಸುಮ್ಮನಿದ್ದೆ.

ಅವಳಿಗೆ ನಾಲ್ಕಾದ ವರ್ಷ, ಬೇಸಿಗೆ ರಜೆಗೆ ಊರಿಗೆ ಹೋದಾಗ, ಮಂಗಳೂರಿನಲ್ಲಿ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಕುವೈತಿನಲ್ಲಿ ಬೇಕೆಂದೇ ತೋರಿಸಿರಲಿಲ್ಲ. ಇಲ್ಲಿ ತೋರಿಸಿದರೆ ಸಿವಿಲ್ ಐಡಿ ನಂಬರಿನ ಪಕ್ಕದಲ್ಲಿ ಕಂಪ್ಯೂಟರಿನಲ್ಲಿ ಬರೆದುಬಿಡುತ್ತಾರಂತೆ, ಆಮೇಲೆ ಮಗುವಿನ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ರಿನ್ಯೂ ಆಗುವುದಿಲ್ಲವಂತೆ, ಅಪ್ಪನ ಕಂಪೆನಿಗೂ ಸುದ್ದಿ ಹೋಗುತ್ತದಂತೆ. ಯಾರಿಗೆ ಹಾಗಾಗಿದೆ ಎಂದು ಕೇಳಿದರೆ ಯಾರಿಗೂ ಆಗಿರಲಿಲ್ಲ. ಎಲ್ಲ ಬರೀ ಅಂತೆ ಕಂತೆ. ತಮಾಷೆಯೆಂದರೆ ನಾನೇ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು ದಿನವಿಡೀ ರೋಗಿಗಳ ಸಿವಿಲ್ ಐಡಿ ಟೈಪು ಮಾಡುವವಳು. ಒಮ್ಮೆ ಟೈಪು ಮಾಡಿದ್ದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ನಂಬಿದೆ, ಯಾಕೆಂದರೆ ನಂಬುವುದು ಅನುಕೂಲವಾಗಿತ್ತು.

ಡಾಕ್ಟರು ಎರಡು ಬೆಳಿಗ್ಗೆ ಅವಳ ಜೊತೆ ನೆಲದ ಮೇಲೆ ಕೂತು ಆಡಿದರು. ಆಟಿಸಂ ಎಂದು ಬರೆದ ಮೂರು ಪುಟದ ರಿಪೋರ್ಟು ಕೊಟ್ಟು ಹೇಳಿದರು, "ಇವಳ ನೆನಪು ನಿಮ್ಮ ನೆನಪಿಗಿಂತ ಗಟ್ಟಿ ಉಂಟು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸ್ತಾಳೆ. ಆದ್ರೆ ಮಾತು ಎಂತಕ್ಕೆ ಬೇಕು ಅಂತ ಇವಳಿಗೆ ಗೊತ್ತಿಲ್ಲ. ಅದನ್ನು ಕಲಿಸುವ ಕಡೆ ಸೇರಿಸಿ. ತಡ ಮಾಡ್ಬೇಡಿ."

ಅಂಥ ಕಡೆ ಇಲ್ಲವೆಂದಲ್ಲ. ಫಹಾಹೀಲ್ ಕಡೆಯ ಒಂದು ಇಂಡಿಯನ್ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ವಿಭಾಗವಿತ್ತು. ಫೋನು ಮಾಡಿದಾಗ ಅಲ್ಲಿನ ಟೀಚರು, ಸೀಟು ಇದೆ, ಕರೆದುಕೊಂಡು ಬನ್ನಿ, ಈಗಲಾದರೆ ಚಿಕ್ಕವರ ಗುಂಪಿಗೆ ಸೇರಿಸಬಹುದು ಎಂದರು. ಆದರೆ ಆ ವಿಭಾಗಕ್ಕೆ ಅಬ್ಬಾಸಿಯಾದಿಂದ ಬಸ್ಸಿರಲಿಲ್ಲ. ಗಂಡನ ಆಫೀಸು ಶುವೈಖಿನ ಬಂದರಿನ ಹತ್ತಿರ, ಫಹಾಹೀಲಿಗೆ ಪೂರ್ತಿ ಬೆನ್ನು ಹಾಕಿ ಹೋಗುವ ದಾರಿ. ಹೋಗಬೇಕಾದರೆ ಮನೆ ಬದಲಿಸಬೇಕು. ಕೇಳಿದವರಿಗೆಲ್ಲ ನಾವು ಕೊಡಬಹುದಾಗಿದ್ದ ಕಾರಣ ಅದು. ನಿಜ ಬೇರೆಯೇ. ಮನೆಯ ಬಾಗಿಲಿಗೇ ಬಸ್ಸು ಬಂದಿದ್ದರೂ ನಾವು ಕಳಿಸುತ್ತಿರಲಿಲ್ಲ.

ಯಾಕೆಂದರೆ ನಮ್ಮ ಊರಿನವರ ಸಂಘ ಸೇರುವ ಪ್ರತಿ ಶುಕ್ರವಾರ, ಊಟದ ತಟ್ಟೆ ಕೈಗೆ ಬರುವ ಮೊದಲು ಬರುವ ಪ್ರಶ್ನೆ ಒಂದೇ, "ಮಗಳು ಯಾವ ಸ್ಕೂಲು?" ಆ ಫಹಾಹೀಲ್ ವಿಭಾಗಕ್ಕೆ ಹಿಂದುಗಡೆಯಿಂದ ಬೇರೆ ಗೇಟು ಎಂಬುದೂ ನಮ್ಮವರಿಗೆ ಗೊತ್ತಿತ್ತು. "ನಾಳೆ ಜನ ಕೇಳಿದ್ರೆ ಎಂತ ಹೇಳುವುದು ಮಾರಾಯ್ತಿ?" ಎಂದರು ಗಂಡ. ಪೂರ್ತಿ ಅವರ ತಲೆಗೆ ಕಟ್ಟಿ ನಾನು ಒಳ್ಳೆಯವಳಾಗಲಾರೆ. ಅವರು ಕೇಳಿದ್ದು ಒಂದು ಸಲ, ನಾನು ಮನಸ್ಸಿನಲ್ಲಿ ಅದನ್ನೇ ನೂರು ಸಲ ಕೇಳಿಕೊಂಡಿದ್ದೆ. ರಿಪೋರ್ಟನ್ನು ನನ್ನ ಮದುವೆ ಸೀರೆಯ ಮಡಿಕೆಯೊಳಗಿಟ್ಟು, ಸೂಟ್‌ಕೇಸಿಗೆ ಹಾಕಿ, ಕಪಾಟಿನ ಮೇಲೆ ಏರಿಸಿದವಳು ನಾನೇ.

ಬಾಲ್ಕನಿಯಿಂದ ಕಾಣುವ ಶಾಲೆಯಲ್ಲಿ ಕೆಜಿಗೆ ಇಂಟರ್‌ವ್ಯೂ. ಇದರಲ್ಲಿ ನಮ್ಮವರದೊಂದು ಕ್ರಮವಿದೆ. ಬೆಳಗಿನ ಬ್ಯಾಚಿನ ಮಗು ಒಳಗಿಂದ ಹೊರಗೆ ಬಂದ ತಕ್ಷಣ ಅದರ ತಾಯಿ ಕೇಳುವುದು "ಹೇಗಾಯಿತು" ಎಂದಲ್ಲ, "ಎಂತ ಎಂತ ಕೇಳಿದ್ರು" ಎಂದು. ಮಗು ಹೇಳಿದ್ದು ಮೆಟ್ಟಿಲು ಇಳಿಯುವಷ್ಟರಲ್ಲಿ ವಾಟ್ಸಾಪಿನಲ್ಲಿ ಬರುತ್ತದೆ. ಸಂಜೆಯ ಬ್ಯಾಚಿನ ಮಕ್ಕಳು ಅಷ್ಟನ್ನು ಉರುಹೊಡೆದೇ ಒಳಗೆ ಕಾಲಿಡುವುದು. ಹಿಂದಿನ ವರ್ಷಗಳದೂ ಸೇರಿ ನನ್ನ ಕೈಗೆ ಬಂದದ್ದು ಹದಿನೇಳು ಪ್ರಶ್ನೆ. ಹೆಸರು, ಅಪ್ಪನ ಹೆಸರು, ಇಷ್ಟದ ಬಣ್ಣ, ಹಸು ಏನು ಕೊಡುತ್ತದೆ, ಹೀಗೆ. ಹದಿನೆಂಟನೆಯದನ್ನು ನಾನೇ ಸೇರಿಸಿದೆ. ಎದ್ದು ಬರುವಾಗ "ಥ್ಯಾಂಕ್ ಯು, ಮ್ಯಾಮ್" ಅನ್ನಬೇಕು.

ಎರಡು ತಿಂಗಳು, ದಿನಕ್ಕೆ ಮೂರು ಹೊತ್ತು ಕಲಿಸಿದೆ. ಮನೆಯಲ್ಲಿ ಆಡುತ್ತಿದ್ದ ತುಳು ಬಂದ್, ಕನ್ನಡ ಬಂದ್. ಅವಳಿಗೆ ಪ್ರಶ್ನೆ ಮುಖ್ಯವಾಗಿರಲಿಲ್ಲ, ನನ್ನ ತುಟಿ ಮುಖ್ಯವಾಗಿತ್ತು. ಉತ್ತರದ ಮೊದಲ ಶಬ್ದಕ್ಕೆ ನಾನು ತುಟಿ ಆಡಿಸಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತಿತ್ತು. ನನಗೆ ಖುಷಿಯೋ ಖುಷಿ. ಯಾವತ್ತೂ ನನ್ನ ಮುಖ ನೋಡದ ಮಗು ಈಗ ನೋಡುತ್ತದೆ ಎಂದು ಗಂಡನಿಗೆ ಫೋನು ಮಾಡಿ ಅತ್ತಿದ್ದೆ. ಅವಳು ನೋಡುತ್ತಿದ್ದದ್ದು ಬಾಯಿಯನ್ನು, ಮುಖವನ್ನಲ್ಲ. ಅಷ್ಟು ವ್ಯತ್ಯಾಸ ತಿಳಿಯದ ದಡ್ಡಿ ನಾನಾಗಿರಲಿಲ್ಲ, ತಿಳಿಯುವುದು ಬೇಡವಾಗಿತ್ತು.

ಇಂಟರ್‌ವ್ಯೂನಲ್ಲಿ ನಾನು ಅವಳ ಎದುರಿಗೇ, ಮೇಡಮ್ಮಿನ ಕುರ್ಚಿಯ ಒಂದು ಬದಿಗೆ ಕೂತೆ. ಆ ಮೇಡಂ ಬೆಳಗಿನಿಂದ ಮಕ್ಕಳನ್ನು ನೋಡಿ ನೋಡಿ ದಣಿದಿದ್ದರು, ಹಾಳೆಯಿಂದ ತಲೆ ಎತ್ತಲಿಲ್ಲ. ಕೇಳಿದ್ದು ಒಂಬತ್ತು ಪ್ರಶ್ನೆ, ಒಂಬತ್ತೂ ಸರಿ. ಕೊನೆಗೆ ನನ್ನ ತುಟಿ ಅಲುಗಿತು, ಇವಳು "ಥ್ಯಾಂಕ್ ಯು, ಮ್ಯಾಮ್" ಎಂದಳು. ಆಗ ಮಾತ್ರ ಮೇಡಂ ತಲೆ ಎತ್ತಿ, "ವೆರಿ ಸ್ಮಾರ್ಟ್ ಗರ್ಲ್" ಎಂದರು. ಅರ್ಜಿಯಲ್ಲಿ, ಮಗುವಿಗೆ ವಿಶೇಷ ನೆರವು ಬೇಕೇ ಎಂಬ ಸಾಲಿನ ಎದುರು ನಾನು ಅಂದವಾದ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿದ್ದೆ. ಆ ಶುಕ್ರವಾರ ಸಂಘದಲ್ಲಿ ಲಾಡು ಹಂಚಿದೆವು.

ಮೂರು ವರ್ಷ ಹಾಗೇ ಹೋಯಿತು. ತುಂಬಿದ ಕ್ಲಾಸಿನಲ್ಲಿ ಗಲಾಟೆ ಮಾಡದ ಮಗುವೆಂದರೆ ಯಾವ ಟೀಚರಿಗೆ ಬೇಡ? ಬೋರ್ಡಿನ ಮೇಲಿದ್ದುದನ್ನು ಅಚ್ಚು ಹಾಕಿದ ಹಾಗೆ ಬರೆದು ತರುತ್ತಿದ್ದಳು. ಒಂದು ಶಬ್ದ ಬೆರಳಿಟ್ಟು ತೋರಿಸಿ ಇದೇನು ಎಂದರೆ ನನ್ನ ಬಾಯಿ ನೋಡುತ್ತಿದ್ದಳು. ಡೈರಿಯಲ್ಲಿ 'ಗುಡ್' ಎಂದು ಬರುತ್ತಿತ್ತು. ನಾನು ಅದರ ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದೆ.

ಒಂದನೇ ಕ್ಲಾಸು ಮುಗಿಯುತ್ತಾ ಬಂದಾಗ ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಶಾಲೆಯ ಆಯಾ ದೂರು ಕೊಟ್ಟಿದ್ದಳು. ನಮ್ಮ ಮಗಳು ವಾರಕ್ಕೆ ಎರಡು ಮೂರು ದಿನ ಕೂತಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದಳು, ಆಯಾ ಪಾಪ ಅಲ್ಲಿಯವರೆಗೆ ಯಾರಿಗೂ ಹೇಳದೆ ಸ್ಕರ್ಟು ಬದಲಿಸಿ, ಒಗೆದು, ಒಣಗಿಸಿ ಕಳಿಸುತ್ತಿದ್ದಳು. ಮನೆಗೆ ಬಂದಾಗ ಸ್ಕರ್ಟು ಒಣಗಿರುತ್ತಿತ್ತು, ನನಗೆ ಗೊತ್ತಾಗಲಿಲ್ಲ. ಹಸು ಹಾಲು ಕೊಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಬಲ್ಲ ಮಗುವಿಗೆ, ಬಾತ್‌ರೂಮಿಗೆ ಹೋಗಬೇಕು ಎಂದು ಯಾವ ಭಾಷೆಯಲ್ಲೂ ಕೇಳಲು ಬರುತ್ತಿರಲಿಲ್ಲ. ನಾನು ಕಲಿಸಿದ್ದು ಉತ್ತರ ಮಾತ್ರ. ಪ್ರಿನ್ಸಿಪಾಲರು ಬೈಯಲಿಲ್ಲ. ನನ್ನದೇ ಅರ್ಜಿಯನ್ನು ತಿರುಗಿಸಿ ಮುಂದಿಟ್ಟು, "ಇದು ನಿಮ್ಮ ಕೈಬರಹವೇ?" ಎಂದು ಕೇಳಿದರು. ಪರೀಕ್ಷೆ ಮುಗಿದ ಮೇಲೆ ಟಿಸಿ ತೆಗೆದುಕೊಳ್ಳಿ, ನಮ್ಮಲ್ಲಿ ಇಂಥವರಿಗೆ ವ್ಯವಸ್ಥೆ ಇಲ್ಲ ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮೂರು ವರ್ಷ ಕಣ್ಣೆದುರಿಗಿದ್ದ ಮಗುವನ್ನು ಒಮ್ಮೆಯೂ ನೋಡದವರು ನನ್ನ ಕೈಬರಹವನ್ನು ಮಾತ್ರ ಎಷ್ಟು ಸೂಕ್ಷ್ಮವಾಗಿ ನೋಡಿದರು! ಆದರೆ ಕೈಬರಹ ನನ್ನದೇ ಆಗಿತ್ತಲ್ಲ.

ಮತ್ತೆ ಫಹಾಹೀಲಿಗೆ ಫೋನು. ಅದೇ ಟೀಚರು. ಚಿಕ್ಕವರ ಗುಂಪಿನ ವಯಸ್ಸು ದಾಟಿದೆ, ದೊಡ್ಡವರ ಗುಂಪಿನಲ್ಲಿ ಒಂದೇ ಸೀಟು ಇದೆ, ಆ ಕಡೆಯೇ ಮನೆ ಇದ್ದವರಿಗೆ ಮೊದಲು, ಮಗುವನ್ನು ಕಂಡು ನಿರ್ಧರಿಸುತ್ತೇನೆ ಎಂದರು. ಒಂದೇ ತಿಂಗಳಲ್ಲಿ ಮನೆ ಬದಲಿಸಿದೆವು. ಸಂಘದವರಿಗೆ ಸಮುದ್ರದ ಗಾಳಿ ಬೇಕೆನಿಸಿತು ಎಂದೆವು. "ಒಳ್ಳೇದಾಯ್ತು, ಅಲ್ಲಿ ಮೀನು ಫ್ರೆಶ್ ಸಿಗ್ತದೆ" ಎಂದರು. ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿ ರಿಪೋರ್ಟು ಹೊರಗೆ ತೆಗೆದಾಗ ಅದಕ್ಕೆ ನುಸಿಗುಳಿಗೆಯ ವಾಸನೆ ಹಿಡಿದಿತ್ತು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಟೀಚರು ನೋಡಬೇಕಾದದ್ದು ಮಗುವಿಗೆ ಏನು ಬರುವುದಿಲ್ಲ ಎಂಬುದನ್ನು. ಅದಕ್ಕೆ ನಾವು ಮಾಡಿದ ತಯಾರಿ ಏನು? ಹಳೇ ಪಟ್ಟಿ ಹೊರಗೆ ತೆಗೆದೆವು. ಸೀಟು ಒಂದೇ, ಚೆನ್ನಾಗಿ ಹೇಳಿದರೆ ತಾನೇ ಕೊಡುವುದು? ಇಂಟರ್‌ವ್ಯೂ ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮ ತಲೆ ಓಡುವುದು ಒಂದೇ ದಾರಿಯಲ್ಲಿ. ಹೋಗುವಾಗ ಕಾರಿನಲ್ಲಿ ಗಂಡ ಸ್ಟೀರಿಂಗ್ ಹಿಡಿದುಕೊಂಡೇ ಕೇಳುತ್ತಿದ್ದರು, "ವಾಟ್ ಈಸ್ ಯುವರ್ ಫೇವರಿಟ್ ಕಲರ್?" ಹಿಂದಿನ ಸೀಟಿನಲ್ಲಿ ಅವಳಿಗೆ ಮುಖ ಮಾಡಿ ಕೂತು ನಾನು ತುಟಿ ಆಡಿಸುತ್ತಿದ್ದೆ. ಹೊರಗೆ ಧೂಳೆದ್ದು ರಸ್ತೆ ಹಳದಿಯಾಗಿತ್ತು. ಅವಳು ಹೊಸ ಫ್ರಾಕಿನಲ್ಲಿ ನೆಟ್ಟಗೆ ಕೂತು ಒಂದೂ ತಪ್ಪದೆ ಒಪ್ಪಿಸಿದಳು. "ಭೇಷ್, ಇವತ್ತು ಖಂಡಿತ ಆಗ್ತದೆ" ಎಂದರು ಅವರು.

ಹಿಂದಿನ ಗೇಟಿನಿಂದಲೇ ಒಳಗೆ ಹೋದೆವು. ಟೀಚರು ಐವತ್ತು ದಾಟಿದ ಹೆಂಗಸು, ಹೆಚ್ಚು ಮಾತಿಲ್ಲ. ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು, ಮಗಳನ್ನು ಎದುರಿಗೆ ಕೂರಿಸಿದರು. ನಾವಿಬ್ಬರು ಅವರ ಹಿಂದೆ ಗೋಡೆಗೆ ಒರಗಿ. ಒಂದು ಮರದ ಡಬ್ಬಿ ಮುಂದಿಟ್ಟು, "ಇದರಲ್ಲಿ ಏನಿದೆ ನೋಡೋಣವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಟ್ಟಿಯಲ್ಲಿಲ್ಲದ ಪ್ರಶ್ನೆ. ಮಗಳು ನನ್ನ ಬಾಯಿ ನೋಡಿದಳು. ನಾನು ಏನೂ ಮಾಡಲಿಲ್ಲ. ಅವಳು ಹೆದರಿ, ತಾನಾಗಿ ಶುರುಮಾಡಿದಳು. ತನ್ನ ಹೆಸರು, ಅಪ್ಪನ ಹೆಸರು, ಬಣ್ಣ, ಹಸು, ಸಾಲಾಗಿ, ಉಸಿರು ಬಿಡದೆ, ಹದಿನೇಳೂ. ಟೀಚರು ಕಾದರು. ಮುಗಿದ ಮೇಲೆ ಒಂದು ಗ್ಲಾಸಿನಲ್ಲಿ ನೀರು ತಂದು ಅವಳಿಗೆ ಎಟುಕದಷ್ಟು ದೂರದಲ್ಲಿ ಹಿಡಿದರು. ಅವಳಿಗೆ ಬಾಯಾರಿಕೆಯಾಗಿತ್ತು, ತುಟಿ ನೆಕ್ಕಿಕೊಳ್ಳುತ್ತಿದ್ದಳು. "ಏನು ಬೇಕು?" ಎಂದರು.

ಅವಳು ಗ್ಲಾಸು ನೋಡಲಿಲ್ಲ, ಟೀಚರನ್ನು ನೋಡಲಿಲ್ಲ. ಅವರ ಭುಜದ ಮೇಲಿಂದ ನನ್ನ ಬಾಯಿ ನೋಡಿದಳು. ನನ್ನ ತುಟಿ ತಾನಾಗಿ ಅಲುಗುವುದರಲ್ಲಿತ್ತು. ಅಂಗೈಯಿಂದ ಒತ್ತಿ ಹಿಡಿದೆ. ಅವಳು ಒಂದು ಕ್ಷಣ ನೋಡಿ, ತನ್ನ ಅಂಗೈ ಎತ್ತಿ ತನ್ನ ಬಾಯಿ ಮುಚ್ಚಿಕೊಂಡಳು.

ಟೀಚರು ತಿರುಗಿ ನನ್ನನ್ನು ನೋಡಿದರು. ಎಲ್ಲ ಅರ್ಥವಾಗಿರಬೇಕು. ಎಷ್ಟು ಸಮಯದಿಂದ ಕಲಿಸುತ್ತಿದ್ದೀರಿ ಎಂದು ಮಾತ್ರ ಕೇಳಿದರು. ಮೂರು ವರ್ಷ ಎಂದೆ. ಈ ಸಲ ಸೀಟು ಕೊಡಲಾಗುವುದಿಲ್ಲ ಎಂದರು. "ಇವಳಿಗೆ ಏನು ಗೊತ್ತಿದೆ ಎಂಬುದು ನನಗೆ ಕಾಣಿಸಲೇ ಇಲ್ಲ, ನೀವು ಕಲಿಸಿದ್ದು ಮಾತ್ರ ಕಾಣಿಸಿತು. ಅದನ್ನು ಮೊದಲು ಮರೆಸಬೇಕು, ಮರೆಸಲು ಕಲಿಸಿದ್ದಕ್ಕಿಂತ ಹೆಚ್ಚು ದಿನ ಬೇಕು. ಮುಂದಿನ ವರ್ಷ ಸೀಟಿದ್ದರೆ ಕರೆಯುತ್ತೇನೆ, ಅಲ್ಲಿಯವರೆಗೆ ಏನೂ ಕಲಿಸಬೇಡಿ" ಎಂದರು. ಗಂಡ ರಿಪೋರ್ಟನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು. ಟೀಚರು ಮೇಲಿನ ತಾರೀಕು ನೋಡಿ, ಓದದೆ ಹಿಂದಕ್ಕೆ ಕೊಟ್ಟರು.

ಹೊರಗೆ ಕಾರಿಡಾರಿನಲ್ಲಿ ನೀರಿನ ಕೂಲರ್ ಇತ್ತು. ಮಗಳು ಅದರ ಮುಂದೆ ನಿಂತುಬಿಟ್ಟಳು, ಕೈ ಇನ್ನೂ ಬಾಯಿಯ ಮೇಲೆಯೇ. ಗ್ಲಾಸು ತುಂಬಿಸಿ, ಅವಳ ಕೈಯನ್ನು ಮೆಲ್ಲಗೆ ಇಳಿಸಿ, ಅದರಲ್ಲಿಟ್ಟೆ. ಗಟಗಟ ಕುಡಿದಳು, ಹೊಸ ಫ್ರಾಕಿನ ಮೇಲೆಲ್ಲ ಚೆಲ್ಲಿಕೊಂಡಳು. ಖಾಲಿ ಗ್ಲಾಸನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದಳು.

"ಥ್ಯಾಂಕ್ ಯು, ಮ್ಯಾಮ್."